ಮೂರನೆಯ ಕೀ

ನಮ್ಮ ಕಾರಿಗೆ ಎರಡು ಕೀಗಳಿದ್ದವು. ಆದರೆ ಸ್ಪೇರ್ ಕೀ ಇರಲಿಲ್ಲ. ಈ ಎರಡು ಮಾತುಗಳು ಒಂದಕ್ಕೊಂದು ಕೂಡುವುದಿಲ್ಲ ಎಂದು ಯಾರಿಗಾದರೂ ಅನ್ನಿಸಿದರೆ, ಅವರು ಅಣ್ಣತಮ್ಮಂದಿರು ಸೇರಿ ಕಾರು ಕೊಂಡದ್ದನ್ನು ನೋಡಿಲ್ಲ ಎಂದೇ ಅರ್ಥ.

ಐದು ವರ್ಷದ ಹಿಂದೆ ನಾನೂ ನನ್ನ ಅಣ್ಣ ಮರಿಬಸಪ್ಪನೂ ಅರ್ಧರ್ಧ ಹಾಕಿ ಒಂದು ಹಳೆಯ ಬೂದು ಬಣ್ಣದ ಸಣ್ಣ ಕಾರು ಕೊಂಡೆವು. ಅಣ್ಣ ಇರುವುದು ಸಿರುಗುಪ್ಪದಲ್ಲಿ; ರೈಸ್ ಮಿಲ್ಲುಗಳಿಗೆ ಬೆಲ್ಟು, ಬೇರಿಂಗು ಮಾರುವ ಅಂಗಡಿ. ನಾನು ಬಳ್ಳಾರಿಯಲ್ಲಿ ಪಿಯು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ಮನೆ ಸತ್ಯನಾರಾಯಣಪೇಟೆ. ಅಣ್ಣನ ಮನೆಯ ಓಣಿಯೊಳಗೆ ಕಾರು ಹೋಗಬಹುದು, ಆದರೆ ಪಕ್ಕದ ಮನೆಯವರ ಎಮ್ಮೆಯನ್ನು ಒಳಗೆ ಕಟ್ಟಿಸದೆ ಹೊರಗೆ ಬರಲಾರದು. ಹೀಗಾಗಿ ಕಾರು ನಮ್ಮ ಮನೆಯ ಮುಂದೆ ನಿಲ್ಲುವುದೆಂದು ತೀರ್ಮಾನವಾಯಿತು. ಮಾರಿದವನು ಎರಡು ಕೀ ಕೊಟ್ಟಾಗ ಅಣ್ಣ ಒಂದನ್ನು ತೆಗೆದುಕೊಂಡು, "ನಿಂಗೊಂದು, ನಂಗೊಂದು. ಮುಗೀತು" ಎಂದ. ನಮ್ಮ ಮಧ್ಯೆ ಆದ ಕರಾರು ಅಷ್ಟೇ. ಛಾಪಾಕಾಗದ ಬೇಕಾಗಲಿಲ್ಲ.

ಅಣ್ಣ ಕಾರು ಒಯ್ಯುತ್ತಿದ್ದದ್ದು ಎರಡು ತಿಂಗಳಿಗೊಮ್ಮೆ. ಉಳಿದ ದಿನ ಅವನ ಪಾಲಿಗೆ ಆ ಕೀಯೇ ಕಾರು. ಅಂಗಡಿಯ ಕೀಗಳ ಸರಪಳಿಯಲ್ಲಿ ಅದು ಅವನ ಸೊಂಟದಲ್ಲಿ ತೂಗುತ್ತಿತ್ತು. ಗಿರಾಕಿಗಳು "ಸಾವಕಾರ್ರ, ಗಾಡಿ ಯಾವುದೈತಿ?" ಎಂದರೆ ಆ ಕೀಯನ್ನು ಮೇಲೆತ್ತಿ ತೋರಿಸಿ, "ಬಳ್ಳಾರ್ಯಾಗ ತಮ್ಮನ ಮನಿ ಮುಂದ ನಿಂತೈತ್ರಿ" ಎನ್ನುತ್ತಿದ್ದ. ಆಯುಧಪೂಜೆಯ ದಿನ ತಕ್ಕಡಿ, ಸ್ಪ್ಯಾನರುಗಳ ಜೊತೆಗೆ ಅದನ್ನೂ ಬಾಳೆಲೆಯ ಮೇಲಿಟ್ಟು ವಿಭೂತಿ, ಕುಂಕುಮ ಹಚ್ಚುತ್ತಿದ್ದ. ಅದೇ ಹೊತ್ತಿಗೆ ನಾನು ಇಲ್ಲಿ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದೆ. ಒಂದೇ ವಾಹನಕ್ಕೆ ಐವತ್ತೈದು ಕಿಲೋಮೀಟರ್ ಅಂತರದಲ್ಲಿ ಏಕಕಾಲಕ್ಕೆ ಪೂಜೆ ನಡೆಯುವ ಬೇರೆ ಉದಾಹರಣೆ ನನಗೆ ಗೊತ್ತಿಲ್ಲ.

ಇಷ್ಟು ಸಮತೋಲದಲ್ಲಿದ್ದ ವ್ಯವಸ್ಥೆಯೊಳಗೆ ಶಾಲೆಯಲ್ಲಿ ಟೀಚರ್ ಆಗಿರುವ ನನ್ನ ಹೆಂಡತಿ ಅಂಜನಾ ಡ್ರೈವಿಂಗ್ ಲೈಸೆನ್ಸ್ ಪಡೆದಳು.

"ಏನ್ರಿ, ಲೈಸೆನ್ಸ್ ನನ್ನ ಕೈಯಾಗೈತಿ, ಕೀ ನಿಮ್ಮ ಜೇಬಿನ್ಯಾಗೈತಿ. ನೀವು ಕಾಲೇಜಿಗೆ ಹ್ವಾದ್ರ ನಾ ಕಾರಿನ ಮುಂದ ನಿಂತು ಏನು ಆರತಿ ಎತ್ಲೇನು?"

"ಅಣ್ಣಂದು ಇಸ್ಕೊಂಡ್ರ?" ಎಂದು ನಾನು ಬಾಯ್ತಪ್ಪಿ ಕೇಳಿದೆ.

"ಕೇಳ್ರಿ, ಧೈರ್ಯ ಇದ್ರ ಕೇಳ್ರಿ" ಎಂದಳು.

ಧೈರ್ಯ ಇರಲಿಲ್ಲ. ಅಣ್ಣನ ಕೀ ಕೇಳುವುದೂ ಒಂದೇ, ಅವನ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸುವುದೂ ಒಂದೇ. ಮೂರನೆಯ ಕೀ ಮಾಡಿಸಬೇಕು. ಆದರೆ ಅದನ್ನೂ ಸಿರುಗುಪ್ಪಕ್ಕೆ ತಿಳಿಯದ ಹಾಗೆ ಮಾಡಿಸಬೇಕು. ಕಾರಣ, ನಮ್ಮ ಅತ್ತಿಗೆ ಕೊಟ್ರಮ್ಮ. ಅವರು ಕೆಟ್ಟವರಲ್ಲ, ಎಣಿಸುವವರು. ನಾಗರಪಂಚಮಿಗೆ ಉಂಡೆ ಕಳಿಸಿದರೆ ಎರಡೂ ಮನೆಗೆ ಎಷ್ಟೆಷ್ಟು ಹೋದವೆಂದು ಅವರಿಗೆ ಗೊತ್ತಿರುತ್ತದೆ. 'ಅವರ ಮನ್ಯಾಗ ಎರಡು ಕೀ, ನಮ್ಮ ಮನ್ಯಾಗ ಒಂದು' ಎಂಬ ಲೆಕ್ಕ ಅವರ ಬಾಯಿಂದ ಬಂದರೆ ಅದಕ್ಕೆ ಉತ್ತರವಿಲ್ಲ.

ಮೊದಲು ಶೋರೂಮಿಗೆ ಹೋದೆ. ಟೈ ಕಟ್ಟಿದ್ದ ಹುಡುಗನೊಬ್ಬ ಎಸಿ ಕೋಣೆಯಲ್ಲಿ ಕೂಡಿಸಿ, ನೀರು ಕೊಟ್ಟು, ಆರ್‌ಸಿ, ಆಧಾರ್, ಇನ್ಶೂರೆನ್ಸ್ ಎಲ್ಲದರ ಝೆರಾಕ್ಸ್ ಕೇಳಿ, ಹದಿನೈದು ದಿನ ಎಂದ, ಹನ್ನೊಂದು ಸಾವಿರದ ನಾನೂರು ಎಂದ.

"ಕೀ ಬಂಗಾರದ್ದೇನಪ್ಪ?"

"ಇಲ್ಲ ಸರ್. ಅದರಾಗ ಚಿಪ್ ಇರ್ತೈತಿ."

ನಾನು ಕುಡಿದ ನೀರಿನ ಋಣಕ್ಕೆ ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ಮನೆಯಲ್ಲಿ ಕೂತು ಒಂದು ಕೀಯೊಳಗೆ ಎಷ್ಟು ಗ್ರಾಂ ಕಬ್ಬಿಣ, ಎಷ್ಟು ಗ್ರಾಂ ಪ್ಲಾಸ್ಟಿಕ್ ಇದ್ದೀತೆಂದು ಅಡುಗೆಮನೆಯ ತೂಕದ ಯಂತ್ರದ ಮೇಲೆ ನೋಡಿ, ಎಷ್ಟೇ ಧಾರಾಳವಾಗಿ ಹಿಡಿದರೂ ತೊಂಬತ್ತು ರೂಪಾಯಿಗಿಂತ ಹೆಚ್ಚಾಗಲಾರದು ಎಂಬ ನಿರ್ಣಯಕ್ಕೆ ಬಂದೆ. ಆನ್‌ಲೈನಿನಲ್ಲಿ ಆರುನೂರ ನಲವತ್ತೊಂಬತ್ತಕ್ಕೆ ಒಂದು ಕೀ ಸಿಕ್ಕಿತು. ತರಿಸಿ, ಬೀಗದವನ ಹತ್ತಿರ ಹಲ್ಲು ಕೊರೆಸಿದೆ. ಬಾಗಿಲು ತೆರೆಯಿತು. ಎಂಜಿನ್ ಮಾತ್ರ ಕುಂಯ್ ಕುಂಯ್ ಎಂದು ಅತ್ತು ಸುಮ್ಮನಾಯಿತು. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ಸಣ್ಣ ಕೆಂಪು ದೀಪವೊಂದು ಕಣ್ಣು ಮಿಟುಕಿಸತೊಡಗಿತು.

ಆಗ ಕೌಲ್ ಬಜಾರಿನ ಖಾಜಾಹುಸೇನನ ಹೆಸರು ಯಾರೋ ಹೇಳಿದರು. ಅವನ ಅಂಗಡಿ ಒಂದು ಬೀರುವಿನಷ್ಟು ಅಗಲ. ಗೋಡೆ ತುಂಬ ಕೀಗಳು, ಕೆಳಗೆ ಒಂದು ಲ್ಯಾಪ್‌ಟಾಪು, ಒಂದು ಸ್ಟೂಲು. ಅವನು ನನ್ನ ಆನ್‌ಲೈನ್ ಕೀಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಇದರಾಗ ಜೀವ ಇಲ್ರಿ ಸರ್."

"ಅಂದ್ರ?"

"ಚಿಪ್ ಇಲ್ಲ. ಬರೀ ಚಿಪ್ಪು ಕೊಟ್ಟಾರ ನಿಮಗ. ಚಿಪ್ ನಾ ಹಾಕ್ತೀನಿ, ಮೆಷಿನ್ ಹಚ್ಚಿ ಗಾಡಿಗೆ ಗುರ್ತು ಹಿಡಿಸ್ತೀನಿ. ಎರಡು ಸಾವಿರ ಕೊಡ್ರಿ. ಒಟ್ಟು ಎಷ್ಟು ಕೀ ಅದಾವ?"

"ಯಾಕ?"

"ಎಲ್ಲಾ ತರಬೇಕ್ರಿ. ಈ ಮಾಡೆಲ್ಲಿನ್ಯಾಗ ಹೊಸಾ ಕೀ ಹಾಕಿದ ಕೂಡ್ಲೇ ಗಾಡಿ ಹಳೇವೆಲ್ಲಾ ಮರ್ತು ಬಿಡ್ತೈತಿ. ಆ ಹೊತ್ತಿನ್ಯಾಗ ಎದುರಿಗೆ ಇದ್ದವನ್ನಷ್ಟ ಮತ್ತ ನೆನಪಿಟ್ಕೊಂತೈತಿ. ಹಳೇ ಕೀ ಒಂದಕ್ಕ ಐನೂರು."

ಇಪ್ಪತ್ತಾರು ವರ್ಷ ಪಾಠ ಹೇಳಿದವನ ಮುಂದೆ ಆಡುವ ಮಾತೇ ಇದು? ನಾನು ನಿಧಾನವಾಗಿ, ಹಿಂದಿನ ಬೆಂಚಿನವರಿಗೂ ಅರ್ಥವಾಗುವ ಹಾಗೆ ಕೇಳಿದೆ: "ನೋಡಪ್ಪ, ಒಂದು ಕೀ ಐವತ್ತೈದು ಕಿಲೋಮೀಟರ್ ದೂರ ಐತಿ ಅಂತ ಇಟ್ಕೋ. ನೀ ಇಲ್ಲಿ ವೈರ್ ಚುಚ್ಚಿದ್ರ ಅಲ್ಲಿ ಅದಕ್ಕ ಏನಾಗಾಕ ಸಾಧ್ಯ?"

"ಕೀಗೇನೂ ಆಗಂಗಿಲ್ರಿ. ಗಾಡಿಗೆ ಆಗ್ತೈತಿ."

ಈಗ ಯೋಚಿಸಿದರೆ ಅವನು ಒಂದೇ ವಾಕ್ಯದಲ್ಲಿ ಇಡೀ ವಿಷಯ ಮುಗಿಸಿದ್ದ. ಆದರೆ ನನ್ನ ಕಿವಿಗೆ ಬಿದ್ದದ್ದು ಐನೂರು ಮಾತ್ರ. ಒಂದು ಕೀಗೆ ಐನೂರಾದರೆ, ನನ್ನದೊಂದು, ಅಣ್ಣನದೊಂದು. ಅಣ್ಣನದು ತರಬೇಕಾದರೆ ಸಿರುಗುಪ್ಪಕ್ಕೆ ಹೋಗಬೇಕು, ಯಾಕೆಂದು ಹೇಳಬೇಕು, ಅತ್ತಿಗೆಯ ಎಣಿಕೆಗೆ ಸಿಗಬೇಕು. ಇದು ಗಿರಾಕಿಯಿಂದ ಇನ್ನೈನೂರು ಎಳೆಯುವ ಉಪಾಯವಲ್ಲದೆ ಬೇರೇನಲ್ಲ ಎಂದು ನನ್ನ ವೈಜ್ಞಾನಿಕ ಬುದ್ಧಿ ತೀರ್ಪು ಕೊಟ್ಟಿತು.

"ಇರೋದು ಇದೊಂದ" ಎಂದೆ.

"ಖಾತ್ರಿ ಏನ್ರಿ?"

"ಖಾತ್ರಿ."

ಅರ್ಧ ಗಂಟೆಯಲ್ಲಿ ಕೆಲಸವಾಯಿತು. ನನ್ನ ಕೀ ತಿರುಗಿಸಿದೆ, ಕಾರು ಚಾಲೂ ಆಯಿತು. ಹೊಸದನ್ನು ತಿರುಗಿಸಿದೆ, ಚಾಲೂ ಆಯಿತು. ಪರೀಕ್ಷಿಸಿದ ಎರಡಕ್ಕೆ ಎರಡೂ ಪಾಸು. ಮೂರನೆಯದು ಸಿರುಗುಪ್ಪದಲ್ಲಿ ಗೈರುಹಾಜರಾಗಿದ್ದರೂ ಅದನ್ನೂ ಪಾಸು ಮಾಡಿ ಮನೆಗೆ ಬಂದೆ. ಶೋರೂಮಿನ ರೇಟಿಗೆ ಹೋಲಿಸಿದರೆ ಉಳಿದ ಹಣದ ಖುಷಿಯಲ್ಲಿ ಅಂಜನಾಳಿಗೆ ಒಂದು ಕೀಚೈನು ಕೊಂಡೆ.

ಮೂರು ವಾರ ಯಾವ ತೊಂದರೆಯೂ ಇರಲಿಲ್ಲ.

ಅಣ್ಣನ ಮಗಳು ರಶ್ಮಿಗೆ ಕುರುಗೋಡಿನ ಒಂದು ಮನೆಯಿಂದ ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಬಂದು ನೋಡಿ ಹೋಗಿದ್ದರು. ಇನ್ನು ನಮ್ಮವರು ಅವರ ಮನೆ ನೋಡಲು ಹೋಗುವುದು. ಒಳ್ಳೆಯ ದಿನವೆಂದು ಗುರುವಾರ ಗೊತ್ತಾಯಿತು. ಅಂದು ನನಗೆ ಪ್ರಾಕ್ಟಿಕಲ್ ಪರೀಕ್ಷೆಯ ಕೆಲಸ. ಅಣ್ಣನಿಗೆ ಫೋನಿನಲ್ಲಿ ಹೇಳಿದೆ: "ಅಣ್ಣಾ, ನಾನೂ ಅಂಜನಾನೂ ಮನ್ಯಾಗ ಇರಂಗಿಲ್ಲ. ಕಾರು ಮನಿ ಮುಂದ ನಿಲ್ಸಿ ಸ್ಕೂಟರ್ ಮ್ಯಾಲ ಹೋಗಿರ್ತೀನಿ. ತಗೊಂಡು ಹೋಗ್ರಿ. ನಿನ್ನ ಕೀ ಐತೆಲ್ಲ?"

"ನನ್ನ ಕೀ ನನ್ನ ಬಿಟ್ಟು ಎಲ್ಲಿ ಹೋಗ್ತೈತಲೇ!" ಎಂದು ಅಣ್ಣ ನಕ್ಕ.

ಗುರುವಾರ ಬೆಳಿಗ್ಗೆ ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಎದುರುಮನೆಯ ತಿಪ್ಪೇರುದ್ರಪ್ಪನವರೂ ತರಕಾರಿ ಗಾಡಿಯ ಹುಲುಗಮ್ಮನೂ ಬೇರೆ ಬೇರೆಯಾಗಿ ಹೇಳಿದ್ದರಲ್ಲಿ, ಇಬ್ಬರ ಹೇಳಿಕೆಯೂ ಹೊಂದುವಷ್ಟನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ತಿಪ್ಪೇರುದ್ರಪ್ಪನವರು ಮೂವತ್ತು ವರ್ಷ ನೋಂದಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅಣ್ಣತಮ್ಮಂದಿರ ಪಾಲುಪತ್ರಗಳನ್ನು ಎಷ್ಟು ಬರೆದಿದ್ದಾರೆಂದರೆ, ಎರಡು ಕಾಗೆ ಒಂದು ತಂತಿಯ ಮೇಲೆ ದೂರ ದೂರ ಕೂತರೂ ಅವರಿಗೆ ಚೆಕ್ಕುಬಂದಿ ಕಾಣುತ್ತದೆ. ಅವರು ಕಟ್ಟೆಯ ಮೇಲೆ ಪೇಪರು ಓದುತ್ತಿದ್ದಾಗ ಅಣ್ಣ, ಅತ್ತಿಗೆ, ರಶ್ಮಿ ಹಣ್ಣಿನ ಬುಟ್ಟಿ ಹಿಡಿದು ಆಟೋದಿಂದ ಇಳಿದರು. ಅಣ್ಣ ಕೀ ಹಾಕಿ ಬಾಗಿಲು ತೆಗೆದ. ಎಲ್ಲರೂ ಕೂತರು. ರಶ್ಮಿ ಸೀರೆಯ ನೆರಿಗೆ ಸರಿಮಾಡಿಕೊಂಡಳು. ಅಣ್ಣ ಕೀ ತಿರುಗಿಸಿದ. ಕುಂಯ್ ಕುಂಯ್. ಮತ್ತೆ ತಿರುಗಿಸಿದ. ಕುಂಯ್ ಕುಂಯ್. ಕೀಯನ್ನು ಕಣ್ಣಿಗೊತ್ತಿಕೊಂಡು ತಿರುಗಿಸಿದ. ಕೆಂಪು ದೀಪ ಮಿಟುಕುತ್ತಲೇ ಇತ್ತು.

ತಿಪ್ಪೇರುದ್ರಪ್ಪನವರು ಪೇಪರು ಮಡಚಿ ಎದ್ದು ಬಂದರು.

"ಏನಾತ್ರಿ ಮರಿಬಸಪ್ಪನವರ?"

"ಚಾಲೂ ಆಗವಲ್ದ್ರಿ. ಬ್ಯಾಟರಿ ಹೋಗಿರ್ಬೇಕು."

"ನಿನ್ನಿ ಸಾಯಂಕಾಲ ಮೇಷ್ಟ್ರು ಹೆಂಡ್ತಿ ಇದೇ ಕಾರು ತಗೊಂಡು ಹೋಗಿ ಬಂದ್ರಲ್ರಿ! ಅವರದ್ದು ಹೊಸಾ ಕೀ, ಕೆಂಪು ಗೊಂಡೇದ್ದು. ಬರ್ರಂತ ಹೋದ್ರು."

ಕೊಟ್ರಮ್ಮ ಅತ್ತಿಗೆ ಅಣ್ಣನ ಕೈಯಲ್ಲಿದ್ದ ಕೀಯ ಕಡೆ ತಿರುಗಿದರಂತೆ.

ತಿಪ್ಪೇರುದ್ರಪ್ಪನವರು ಕಿಟಕಿಯೊಳಗೆ ತಲೆ ಹಾಕಿ ಆ ಕೆಂಪು ದೀಪ ನೋಡಿ, ರೋಗ ಕಂಡುಹಿಡಿದ ವೈದ್ಯರ ಹಾಗೆ ಹಿಂದೆ ಸರಿದರು. "ಇದು ಬ್ಯಾಟರಿ ಅಲ್ರಿ. ಇದು ತಡೆಯಾಜ್ಞೆ. ಹೊಲಕ್ಕ ಸ್ಟೇ ತರ್ತಾರಲ್ಲ, ಹಂಗ. ನಿಮ್ಮ ಕೀ ರದ್ದು ಮಾಡಿಸ್ಯಾರ. ಮೊದಲು ಒಂದು ಫೋಟೋ ಹೊಡ್ಕೊಳ್ರಿ, ಆಮ್ಯಾಲ ಬೇಕಾಗ್ತೈತಿ. ಸಾಕ್ಷಿಗೆ ನಾನದೀನಿ."

"ನಾನೂ ಅದೀನ್ರಿ" ಎಂದಳು ಹುಲುಗಮ್ಮ, ಬದನೆಕಾಯಿ ತೂಗುತ್ತ.

ಅಣ್ಣ ಕಾರಿನಿಂದಿಳಿದು ಬಾಗಿಲಿಗೆ ಬೀಗ ಹಾಕಿದ. ಎರಡು ಸಲ ಎಳೆದು ನೋಡಿದ. "ನಮ್ಮ ಹುಡುಗ ಹಂಗ ಮಾಡಾವ ಅಲ್ರಿ. ಕೆಟ್ಟಿರ್ತೈತಿ" ಎಂದಷ್ಟೇ ಹೇಳಿ, ಹಣ್ಣಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದನಂತೆ.

ಹನ್ನೆರಡೂವರೆಗೆ ಪರೀಕ್ಷೆ ಮುಗಿದು ಫೋನು ಕೈಗೆ ಬಂದಾಗ ಹದಿನೇಳು ಮಿಸ್ಡ್ ಕಾಲ್ ಇದ್ದವು. ಜೊತೆಗೆ ತಿಪ್ಪೇರುದ್ರಪ್ಪನವರ ಸಂದೇಶ: "ವಾಹನ ಚಾಲನೆಗೊಂಡಿಲ್ಲ. ಸದರಿ ಅಣ್ಣನವರು ಬಸ್ಸಿನಲ್ಲಿ ತೆರಳಿರುತ್ತಾರೆ. ತಮ್ಮ ಗಮನಕ್ಕೆ."

ಓಡಿ ಬಂದು ನನ್ನ ಕೀ ಹಾಕಿದೆ. ಈ ಕಾರು ಐದು ವರ್ಷದಲ್ಲಿ ಒಮ್ಮೆಯೂ ಅಷ್ಟು ಚುರುಕಾಗಿ ಚಾಲೂ ಆಗಿರಲಿಲ್ಲ. ಮುಟ್ಟುವುದರೊಳಗೆ ಗುರ್ ಎಂದಿತು. ಎದುರಿನ ಕಟ್ಟೆಯಿಂದ ತಿಪ್ಪೇರುದ್ರಪ್ಪನವರು ತಲೆದೂಗಿದರು.

"ನಿಮ್ಮ ಕೈಗೆ ಆತು ನೋಡ್ರಿ. ನೀವು ಯಾವ ವಕೀಲರನ್ನ ಇಟ್ಟೀರಿ ಮೇಷ್ಟ್ರ?"

ಆಗ ಸುಮ್ಮನೆ ಎಂಜಿನ್ ಬಂದ್ ಮಾಡಿ ನಾನೂ ಬಸ್ಸು ಹತ್ತಬೇಕಾಗಿತ್ತು. ಅದರ ಬದಲು, ಕಾರಿಲ್ಲದೆ ಅವರಿಗೆ ಅವಮಾನವಾಗಿದೆ, ಆದ್ದರಿಂದ ಕಾರು ಮುಟ್ಟಿಸಿದರೆ ಅವಮಾನ ಹೋಗುತ್ತದೆ ಎಂದು ಸಮೀಕರಣ ಬಿಡಿಸಿಕೊಂಡು, ಕುರುಗೋಡಿಗೆ ನಲವತ್ತು ನಿಮಿಷದಲ್ಲಿ ಹೊಡೆದುಕೊಂಡು ಹೋದೆ. ದಾರಿಯಲ್ಲಿ ಕಾರಿಗೆ ನೀರು ಹಾಕಿಸಿ ತೊಳೆಸಿದೆ ಕೂಡ.

ಹುಡುಗನ ಮನೆಯ ಮುಂದೆ ಚಪ್ಪರದ ನೆರಳಿನಲ್ಲಿ ಗಂಡಸರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಕಾರು ಫಳಫಳ ಹೊಳೆಯುತ್ತ ಬಂದು ನಿಂತಾಗ ಎಲ್ಲರೂ ಎದ್ದು ನೋಡಿದರು. ನಾನು ಇಳಿದು, ಕೀಯನ್ನು ಎತ್ತಿ ಹಿಡಿದು ಸಂತೋಷದಿಂದ ಹೇಳಿದೆ: "ಅಣ್ಣಾ, ಕಾರು ಸರಿ ಐತಿ! ಏನೂ ಆಗಿಲ್ಲ!"

ಅಣ್ಣನ ಮುಖ ಬಿಳಿಚಿತು. ಹುಡುಗನ ಅಜ್ಜಿ ವೀರಭದ್ರಮ್ಮನವರು ಹೊಸ್ತಿಲ ಮೇಲೆ ಕೂತವರು ಕೈಯನ್ನು ಹಣೆಗೆ ಅಡ್ಡ ಹಿಡಿದು ಕಾರು ನೋಡಿದರು, ಆಮೇಲೆ ಅಣ್ಣನನ್ನು ನೋಡಿದರು.

"ಮರಿಬಸಪ್ಪ, ಗೇರ್ ಪೆಟ್ಟಿಗಿ ಮುರದು ಗ್ಯಾರೇಜಿನ್ಯಾಗ ಐತಿ ಅಂದ್ಯಲ್ಲಪ. ಇದು ಬ್ಯಾರೇ ಕಾರೇನು?"

ನನ್ನ ಹೆಸರು ಕೆಡದಿರಲೆಂದು ಅಣ್ಣ ಬೀಗರ ಮನೆಯಲ್ಲಿ ಒಂದು ಗೇರ್ ಪೆಟ್ಟಿಗೆ ಮುರಿದಿದ್ದ. ಜೀವಮಾನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ನಾನು ಅವನ ಸುಳ್ಳನ್ನು ತೊಳೆಸಿ, ಒರೆಸಿ, ಎಲ್ಲರ ಮುಂದೆ ತಂದು ನಿಲ್ಲಿಸಿದ್ದೆ.

ಇಂಥ ಸಂದರ್ಭದಲ್ಲಿ ಬುದ್ಧಿವಂತರು ಬಾಯಿ ಮುಚ್ಚುತ್ತಾರೆ. ನಾನು ವಿವರಿಸಿದೆ. ಕೀಯೊಳಗೆ ಚಿಪ್ ಇರುತ್ತದೆ, ಸುತ್ತಲೂ ಒಂದು ಸುರುಳಿ ಇರುತ್ತದೆ, ಅದು ಒಂದು ಸಂಖ್ಯೆ ಕಳಿಸುತ್ತದೆ, ಕಾರು ಆ ಸಂಖ್ಯೆಯನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ ಎಂದೆಲ್ಲ ಹೇಳುತ್ತ, ಎಲೆ ಅಡಿಕೆಯ ತಟ್ಟೆಯಲ್ಲಿ ಮೂರು ಅಡಿಕೆ ಇಟ್ಟು ತೋರಿಸಿದೆ.

"ಕೀ ಸರಿ ಐತಿ, ಕಾರೂ ಸರಿ ಐತಿ. ಕಾರು ಅಣ್ಣನ್ನ ಮರ್ತೈತಿ, ಅಷ್ಟ."

"ಕಾರು ಹೆಂಗ ಮರೀತೈತಿ?" ಎಂದರು ಕೊಟ್ರಮ್ಮ ಅತ್ತಿಗೆ ಒಳಗಿನಿಂದ. "ಮರಿಯೋರು ಮನಷ್ಯಾರು."

"ಹಂಗಲ್ಲ ಅತ್ತಿಗಿ, ಮೂರನೇ ಕೀ ಮಾಡಿಸೋ ಹೊತ್ತಿನ್ಯಾಗ..."

"ಮೂರನೇದು?"

ಅತ್ತಿಗೆ ಹೊರಗೆ ಬಂದರು. ತಟ್ಟೆಯಲ್ಲಿದ್ದ ಅಡಿಕೆಗಳನ್ನು ನೋಡಿದರು. ಅವರಿಗೆ ಎಣಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇದ್ದವು ಎರಡಲ್ಲ? ಒಂದು ಮಾಡಿಸೀರಿ, ಮೂರಾದುವು. ಎರಡು ನಡೀತಾವ, ನಮ್ಮದು ನಡಿಯಂಗಿಲ್ಲ. ಇದನ್ನ ಹೇಳಾಕ ಇಷ್ಟು ಅಡಿಕಿ ಯಾಕ ಬೇಕಾದುವು ಮೈದುನಾ?"

ಚಪ್ಪರದ ಕೆಳಗೆ ಯಾರೋ ಕೆಮ್ಮಿದರು. ವೀರಭದ್ರಮ್ಮನವರು ಮಾತು ಬದಲಿಸಲೆಂದು, "ಹೋಗ್ಲಿ ಬಿಡ್ರಿ, ಇನ್ನ ಮ್ಯಾಲ ಪಾಲಾದ್ರ ಯಾರದ್ದು ಯಾವುದು ಅಂತ ಮದುವಿಗಿಂತ ಮೊದಲ ಗೊತ್ತಾದ್ರ ಚೊಲೊ" ಎಂದು ವಿಷಯವನ್ನು ಇನ್ನಷ್ಟು ಆಳಕ್ಕೆ ತಳ್ಳಿದರು. ಅಣ್ಣ ನನ್ನ ಕಡೆ ನೋಡದೆ, "ಉಂಡಿಲ್ಲ ಅಂತ ಕಾಣ್ತೈತಿ. ಒಂದು ಎಲಿ ಹಾಕ್ರಿ ನಮ್ಮ ತಮ್ಮಗ" ಎಂದ.

ಹೊರಡುವಾಗ ನಾನು ಕಾರಿನ ಹಿಂದಿನ ಬಾಗಿಲು ತೆಗೆದು ನಿಂತೆ. ರಶ್ಮಿ ಒಂದು ಹೆಜ್ಜೆ ಮುಂದಿಟ್ಟಳು. ಅತ್ತಿಗೆ ಅವಳ ಕೈ ಹಿಡಿದರು.

"ಬ್ಯಾಡ. ಹೆಣ್ಮಕ್ಕಳಿಗೆ ಬಸ್ಸು ಫ್ರೀ ಐತಿ. ಅದಕ್ಕ ಕೀನೂ ಬೇಕಾಗಿಲ್ಲ."

ಅಣ್ಣ ತನ್ನೊಬ್ಬನ ಟಿಕೆಟ್ಟಿಗೆ ಚಿಲ್ಲರೆ ಹುಡುಕುತ್ತ ಅವರ ಹಿಂದೆ ಹೋದ. ನಾನು ನಾಲ್ಕು ಖಾಲಿ ಸೀಟುಗಳೊಂದಿಗೆ ಬಳ್ಳಾರಿಗೆ ಬಂದೆ.

ಸಂಬಂಧ ಕುದುರಿತು. ಹುಡುಗನಿಗೆ ರಶ್ಮಿ ಹಿಡಿಸಿದ್ದಳು, ರಶ್ಮಿಗೆ ಹುಡುಗ. ಕಾರಿನ ಗೊಡವೆ ಇಬ್ಬರಿಗೂ ಇರಲಿಲ್ಲ. ಆದರೆ ಈ ಸುದ್ದಿ ನನಗೆ ತಿಳಿದದ್ದು ಮೂರನೆಯವರಿಂದ. ಅಣ್ಣ ಫೋನು ಮಾಡಲಿಲ್ಲ. ಮಾಡಿದವರೆಲ್ಲ ಬೇರೆಯವರು. ತೆಕ್ಕಲಕೋಟೆಯ ಸೋದರಮಾವ ಮೈಲಾರಲಿಂಗಪ್ಪ, "ಪಾಲಾತಂತಲ್ಲ, ನಿಮ್ಮಪ್ಪ ಇಟ್ಟಿದ್ದ ತಾಮ್ರದ ಹಂಡೆ ಯಾರಿಗೆ ಬಂತು?" ಎಂದು ಕೇಳಿದ. ಕಾಲೇಜಿನ ಸಹೋದ್ಯೋಗಿಯೊಬ್ಬರು ಒಳ್ಳೆಯ ಮನಸ್ಸಿನಿಂದ ವಕೀಲರ ವಿಳಾಸ ಬರೆದುಕೊಟ್ಟರು. ಅಂಜನಾ ತನ್ನ ಕೀಯನ್ನು ಕೆಂಪು ಗೊಂಡೆಯ ಸಮೇತ ನನ್ನ ಮೇಜಿನ ಮೇಲಿಟ್ಟು, "ನನ್ನ ಹೆಸರು ಹೇಳಿ ನೀವು ಉಳಿಸಿದ್ದು ಐನೂರು ರೂಪಾಯಿ. ನಂಗ ಈ ಕಾರು ಬ್ಯಾಡ" ಎಂದಳು. ಅವಳು ಮತ್ತೆ ಆಟೋದಲ್ಲಿ ಶಾಲೆಗೆ ಹೋಗತೊಡಗಿದಳು.

ಎರಡನೆಯ ಭಾನುವಾರ ನಾನು ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋದೆ. ಅಂಗಡಿಯಲ್ಲಿ ಅಣ್ಣ ಒಂದು ಬೆಲ್ಟನ್ನು ಟೇಪಿನಿಂದ ಅಳೆಯುತ್ತಿದ್ದ. ಅವನ ಸೊಂಟದ ಸರಪಳಿಯಲ್ಲಿ ಕೀ ಹಾಗೇ ಇತ್ತು. ಸತ್ತ ಕೀಯನ್ನೂ ಅವನು ತೆಗೆದಿರಲಿಲ್ಲ.

"ಕುಂದ್ರು" ಎಂದ. ಚಹಾ ತರಿಸಿದ. ಬೆಲ್ಟು ಕೊಟ್ಟು ಗಿರಾಕಿಯನ್ನು ಕಳಿಸಿದ.

"ಅಣ್ಣಾ, ಮೂರೂ ಕೀ ಒಟ್ಟಿಗೆ ಇಟ್ಟು ಮೆಷಿನ್ ಹಚ್ಚಿದ್ರ ಮೂರೂ ನಡೀತಾವ. ನೀ ಒಂದು ತಾಸು ಬಾ."

ಅಣ್ಣ ಟೇಪು ಸುತ್ತಿಟ್ಟ. "ಚನ್ನಾ, ಒಂದು ಕೇಳ್ತೀನಿ. ಹಿಂಗ ಆಗ್ತೈತಿ ಅಂತ ನಿಂಗ ಮೊದಲ ಗೊತ್ತಿತ್ತೇನು?"

ಗೊತ್ತಿತ್ತು, ನಂಬಿರಲಿಲ್ಲ ಎನ್ನುವುದು ನಿಜವಾದ ಉತ್ತರ. ಅದಕ್ಕೆ ಮತ್ತೊಂದು ತಟ್ಟೆ ಅಡಿಕೆ ಬೇಕಾಗುತ್ತಿತ್ತು.

"ಗೊತ್ತಿದ್ದಿಲ್ಲಣ್ಣ. ಅವ ಹೇಳಲೇ ಇಲ್ಲ" ಎಂದೆ.

ಅಣ್ಣನ ಮುಖ ಹತ್ತು ದಿನದ ನಂತರ ಸಡಿಲಾಯಿತು. "ಅದನ್ನ ನಾ ನಿಮ್ಮ ಅತ್ತಿಗಿಗೆ ಹೇಳಿದೆ. ಅವ ಓದಿದಾವ, ಆದ್ರ ಹುಚ್ಚ ಅದಾನ. ಕಪಟ ಇಲ್ಲ ಅಂದೆ. ಆ ಅಂಗಡ್ಯಾವ ಹೇಳಬೇಕಿತ್ತಲೇ. ಎಂಥಾ ಮನಷ್ಯಾ ಅವ!" ಬಸ್ಸಿನ ದಾರಿಯುದ್ದಕ್ಕೂ ಅವನು ಖಾಜಾಹುಸೇನನನ್ನು ಬೈಯುತ್ತ, ನನಗೆ ಕಡಲೆಕಾಯಿ ಸುಲಿದು ಕೊಡುತ್ತ ಬಂದ. ನಾನು ತಿಂದೆ.

ಮನೆಯಿಂದ ಕಾರನ್ನೂ ಉಳಿದೆರಡು ಕೀಗಳನ್ನೂ ತೆಗೆದುಕೊಂಡು ಕೌಲ್ ಬಜಾರಿಗೆ ಹೋದೆವು. ಖಾಜಾಹುಸೇನ ಅಣ್ಣನ ಕೀಯ ಸಂದಿಯಲ್ಲಿ ತುಂಬಿದ್ದ ಕುಂಕುಮವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತಿದ್ದ. ಅಣ್ಣ ಸ್ಟೂಲಿನ ಮೇಲೆ ಕೂತು ಶುರುಮಾಡಿದ.

"ಅಲ್ಲಪ, ಗಿರಾಕಿ ಬಂದ್ರ ಮೊದಲ ಹೇಳಾಕ ಏನಾಗಿತ್ತು ನಿಂಗ? ಪಾಪ, ನಮ್ಮ ತಮ್ಮಗ ಇದು ಏನೂ ಗೊತ್ತಿಲ್ಲ. ನೀ ಒಂದು ಮಾತು ಹೇಳಿದ್ರ ಅವ ಸಿರುಗುಪ್ಪಕ್ಕ ಓಡಿ ಬಂದು ಕೀ ಒಯ್ತಿದ್ದ. ನಿನ್ನ ಸಲುವಾಗಿ ನಮ್ಮ ಮನ್ಯಾಗ ಮಾತು ನಿಂತು ಹೋದುವು."

ನಾನು ಕಣ್ಸನ್ನೆ ಮಾಡಿದೆ. ಖಾಜಾಹುಸೇನ ನನ್ನ ಕಣ್ಣನ್ನಲ್ಲ, ತನ್ನ ಮರ್ಯಾದೆಯನ್ನು ನೋಡಿಕೊಂಡ. ಬ್ರಷ್ ಕೆಳಗಿಟ್ಟು, ಹಿಂದಿನಿಂದ ಒಂದು ಉದ್ದನೆಯ ನೋಟುಬುಕ್ಕು ತೆಗೆದ.

"ಅಣ್ಣಾರ, ಹನ್ನೆರಡು ವರ್ಷ ಆತು ಅಂಗಡಿ ಇಟ್ಟು. ಹೇಳಲಾರದ ಒಂದು ಗಾಡಿ ಮುಟ್ಟಿಲ್ಲ. ಪೊಲೀಸರು ಕೇಳ್ತಾರಂತ ಎಲ್ಲಾರ ಕೈಯಾಗೂ ಬರೆಸ್ಕೊಂತೀನಿ. ಓದ್ರಿ."

ಅಣ್ಣ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಬೇರೆ ಗಿರಾಕಿಗಳು ಅಲ್ಲಿ ಒಂದು ಅಂಕಿ ಬರೆದು ಸಹಿ ಗೀಚಿ ಹೋಗಿದ್ದರು. ನಾನು ಮಾತ್ರ ಲ್ಯಾಬ್ ರೆಕಾರ್ಡಿನ ಹಾಗೆ, ದಿನಾಂಕ, ವೇಳೆ ಸಮೇತ, ಸಾಲು ಬಾಗದಂತೆ ಬರೆದಿದ್ದೆ: 'ಹಳೆಯ ಕೀಗಳನ್ನೆಲ್ಲ ತರಬೇಕೆಂದು ತಿಳಿಸಿರುತ್ತಾರೆ. ಇರುವ ಕೀ: ಒಂದು. ಇದರ ಹೊರತು ಬೇರೆ ಯಾರ ಬಳಿಯೂ ಕೀ ಇರುವುದಿಲ್ಲ.' ಕೆಳಗೆ ನನ್ನ ಪೂರ್ಣ ಹೆಸರು, ಎಂ.ಎಸ್ಸಿ.

ಅಣ್ಣ ಬೆರಳಿಟ್ಟು ಓದಿದ. ಎರಡನೆಯ ಸಲವೂ ಓದಿದ.

"ಅಕ್ಷರ ಚೊಲೊ ಅದಾವ" ಎಂದ.

ಖಾಜಾಹುಸೇನ ವೈರು ಚುಚ್ಚಿದ. "ಎಷ್ಟು ಹಾಕ್ಲಿ ಸರ್?"

"ಮೂರು" ಎಂದೆ.

"ಹಾಕಪ್ಪ, ಮೂರೂ ಹಾಕು" ಎಂದ ಅಣ್ಣ.

ಮೂರೂ ಆದವು. ಅಣ್ಣ ತನ್ನ ಕೀ ಹಿಡಿದು ಸ್ಟೇರಿಂಗಿನ ಮುಂದೆ ಕೂತು ತಿರುಗಿಸಿದ. ಕೆಂಪು ದೀಪ ಆರಿ, ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಅವನು ಸ್ವಲ್ಪ ಹೊತ್ತು ಆ ಸದ್ದು ಕೇಳುತ್ತ ಕೂತಿದ್ದ. ಆಮೇಲೆ ಬಂದ್ ಮಾಡಿದ, ಇಳಿದ, ಬಾಗಿಲು ಮೆಲ್ಲಗೆ ಹಾಕಿದ. ಹತ್ತಿರ ಬಂದು ಕೀಯನ್ನು ನನ್ನ ಅಂಗಿಯ ಜೇಬಿನೊಳಗೆ ಇಳಿಬಿಟ್ಟ.

"ಅಣ್ಣಾ, ಇದೇನಿದು, ಇದು ನಿಂದು."

"ಇರ್ಲಿ. ಮೇಷ್ಟ್ರು ಕೈಯಾರೆ ಬರದದ್ದು ಸುಳ್ಳಾಗಬಾರದು."

"ಬಸ್‌ಸ್ಟ್ಯಾಂಡಿನ ಮಟ ಬಿಟ್ಟು ಬರ್ತೀನಿ, ಕುಂದ್ರಣ್ಣ."

"ಆಟೋ ಸಿಗ್ತಾವ" ಎಂದು ಅವನು ಕೈ ಎತ್ತಿದ. ಒಂದು ಆಟೋ ನಿಂತಿತು. ಅವನು ಹತ್ತಿ, ಕನ್ನಡಕ ಇನ್ನೂ ಕಣ್ಣಿನ ಮೇಲೇ ಇದೆಯೆಂದು ಆಗ ನೆನಪಾಗಿ ತೆಗೆದು ಜೇಬಿಗಿಟ್ಟುಕೊಂಡ. ಸಂದಣಿಯಲ್ಲಿ ಆಟೋ ಬಹಳ ಹೊತ್ತು ಅಲ್ಲೇ ಸಿಕ್ಕಿಕೊಂಡಿತ್ತು. ಅವನು ತಿರುಗಿ ನೋಡಬಹುದಿತ್ತು.

ಖಾಜಾಹುಸೇನ ನೋಟುಬುಕ್ಕು ನನ್ನ ಮುಂದೆ ಸರಿಸಿ ಪೆನ್ನು ಕೊಟ್ಟ. "ಬೇಜಾರಾಗಬ್ಯಾಡ್ರಿ ಸರ್, ಇವತ್ತಿಂದೂ ಬರೀಬೇಕು. ಎಷ್ಟು ಕೀ, ಯಾರ ಹತ್ತಿರ ಅದಾವ."

ಬರೆದೆ: 'ಒಟ್ಟು ಕೀಗಳು ಮೂರು. ಮೂರೂ ನನ್ನ ಬಳಿ ಇವೆ.' ಈ ಸಲ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.